ವೀರಪ್ಪನವರು ತೆಲುಗು ಮರೆತದ್ದು

ಜಹೀರಾಬಾದಿನ ವೀರಪ್ಪನವರ ಕಿವಿಗಳು ಅವರಿಗಿಂತ ಮೂರು ವರ್ಷ ಮೊದಲೇ ರಿಟೈರಾದವು. ಅವಕ್ಕೆ ಹಾರ ಹಾಕಿ ಕಳಿಸಿಕೊಡುವ ಸಮಾರಂಭವೇನೂ ನಡೆಯದ ಕಾರಣ ಸುದ್ದಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದವರು ವೀರಪ್ಪನವರೊಬ್ಬರೇ, ಅವರು ಅದನ್ನು ತಮಗೆ ತಾವೂ ಹೇಳಿಕೊಂಡಿರಲಿಲ್ಲ.

ಹೇಳಿಕೊಳ್ಳುವುದಾದರೂ ಹೇಗೆ? ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗಿದ ಮನುಷ್ಯ. ನಾರಾಯಣಖೇಡದ ಬಸ್ಸನ್ನು ತೆಲುಗಿನಲ್ಲಿ ಕೂಗಿ, ಅದನ್ನೇ ಉರ್ದುವಿಗೆ ತಿರುಗಿಸಿ, ಬೀದರಿನ ಬಸ್ಸಾದರೆ ಕನ್ನಡಕ್ಕೂ ಎಳೆದು ತರುತ್ತಿದ್ದವರು. ಅದು ಹೊಟ್ಟೆಪಾಡಿನ ನೌಕರಿ. ಅವರ ಖರೇ ಹುದ್ದೆ ಇದ್ದದ್ದು ಮದುವೆ ಮಂಟಪದಲ್ಲಿ. ಆ ಕಡೆ ಅಕ್ಕಿಕಾಳು ಬಿದ್ದ ಮೇಲೆ ಬಳಗದವರು ಒಬ್ಬೊಬ್ಬರಾಗಿ ಬಂದು ಬಟ್ಟೆಬರೆಯ ಉಡುಗೊರೆ, ಅಂದರೆ ಆಯೇರಿ, ಮಾಡುತ್ತಾರೆ. ಆಯೇರಿ ತಂದವರು ಕೂಗುವವನ ಕಿವಿಯ ಹತ್ತಿರ ಬಗ್ಗಿ ತಮ್ಮ ಹೆಸರು, ಊರು, ತಂದ ಬಟ್ಟೆ ಪಿಸುಗುಟ್ಟಬೇಕು. ಕೂಗುವವನು ಅದನ್ನು ಇಡೀ ಮಂಟಪಕ್ಕೆ ಕೇಳಿಸಬೇಕು. ಕೂಗಿದ ಆಯೇರಿ ಆಯೇರಿ. ಕೂಗದ ಆಯೇರಿ ಬರೀ ಬಟ್ಟೆ.

"ಕಲ್ಹೇರ ಸೋದರಮಾವ ದೇವಿದಾಸಪ್ಪನವರದು! ಅಳಿಯಗ ಟಾವೆಲ್ ಟೋಪಿ, ಮಗಳಿಗಿ ಸೀರಿ ಕುಬ್ಸ!" ಎಂದು ವೀರಪ್ಪನವರು ಕೂಗಿದರೆ, ಆ ಟಾವೆಲ್ಲಿಗೆ ರೇಷ್ಮೆಯ ಕಳೆ ಬರುತ್ತಿತ್ತು. ನಾಲ್ವತ್ತು ವರ್ಷದಲ್ಲಿ ಒಂದು ಹೆಸರು ತಪ್ಪಿದ್ದಿಲ್ಲ. ಕಿವಿ ಹೋದ ಮೇಲೂ ತಪ್ಪಲಿಲ್ಲ. ಯಾಕೆಂದರೆ ಮುಖ ನೋಡಿದ ಕೂಡಲೇ ಮೂರು ತಲೆಮಾರಿನ ಹೆಸರು ನಾಲಿಗೆಗೆ ಬರುತ್ತಿತ್ತು. ಕೈಯಲ್ಲಿದ್ದ ಬಟ್ಟೆ ಕಣ್ಣಿಗೆ ಕಾಣುತ್ತಿತ್ತು. ಬಗ್ಗಿದವರು ಪಿಸುಗುಟ್ಟಿದ್ದು ಗಾಳಿಗೆ ಹೋದರೂ ನಡೆಯುತ್ತಿತ್ತು.

ಈಗ ಅವರ ಬದುಕಿನಲ್ಲಿ ಒಂದೇ ಆಸೆ ಉಳಿದಿತ್ತು. ಊರ ಮಂದಿಯ ಲಗ್ನದಲ್ಲೆಲ್ಲ ಕೂಗಿದ್ದಾಯಿತು. ಮೊಮ್ಮಗಳು ಪ್ರಣೀತಾಳ ಲಗ್ನದಲ್ಲಿ ಒಮ್ಮೆ ಕೂಗಿಬಿಟ್ಟರೆ ಗಂಟಲು ಪಾವನ.

ಪ್ರಣೀತಾಳಿಗೆ ತಾಂಡೂರಿನ ಸಂಬಂಧ ಬಂತು. ಹುಡುಗ ಪ್ರಮೋದ ಒಳ್ಳೆಯವನು, ನೌಕರಿ ಇದ್ದವನು. ಅವನ ತಂದೆ ಸೋಮಶೇಖರಪ್ಪನವರಿಗೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಮೂವತ್ತೈದು ವರ್ಷ ಕಲ್ಲಿನ ಧೂಳಿನಲ್ಲಿ ನಿಂತು ನಿಂತು, ಬಾಯಿಗೆ ದಸ್ತಿ ಕಟ್ಟಿಕೊಳ್ಳುವುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಚಹಾ ಬಂದಾಗ ಮಾತ್ರ ದಸ್ತಿ ಗದ್ದಕ್ಕೆ ಇಳಿಯುತ್ತಿತ್ತು. ಕಪ್ಪು ಕೆಳಗಿಟ್ಟ ಕೂಡಲೇ ಮೇಲೇರುತ್ತಿತ್ತು.

ಮಾತುಕತೆಯ ದಿನ ಇಬ್ಬರೂ ಹಿರಿಯರನ್ನು ನಡುಮನೆಯ ಸೋಫಾದ ಮೇಲೆ ಅಕ್ಕಪಕ್ಕ ಕೂಡಿಸಿದರು. ತಲೆಯ ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಸೋಮಶೇಖರಪ್ಪನವರು ದಸ್ತಿಯೊಳಗಿಂದ ತೆಲುಗಿನಲ್ಲಿ ಏನೋ ಹೇಳಿದರು. ವೀರಪ್ಪನವರು, "ಆಗ್ಲಿ, ಆಗ್ಲಿ" ಎಂದು ಗೋಣು ಹಾಕಿದರು. ಆಮೇಲೆ ವೀರಪ್ಪನವರು ಕನ್ನಡದಲ್ಲಿ ಏನೋ ಹೇಳಿದರು. ಸೋಮಶೇಖರಪ್ಪನವರು, "ಅವುನು, ಅವುನು" ಎಂದು ತೆಲುಗಿನಲ್ಲೇ ಹೌದೆನ್ನುತ್ತ ಗೋಣು ಹಾಕಿದರು. ಅರ್ಧ ತಾಸು ಎರಡು ಕೋಲೆಬಸವಗಳು ಎದುರುಬದುರು ನಿಂತ ಹಾಗೆ ನಡೆಯಿತು. ನೋಡಿದವರಿಗೆಲ್ಲ ಕಣ್ಣು ತುಂಬಿ ಬಂತು.

"ಬೀಗರಂದ್ರ ಹಿಂಗಿರಬೇಕ್ ನೋಡ್ರಿ. ಒಂದ್ ಮಾತಿಗಾರ ಬ್ಯಾಡ ಅಂದ್ರೇನು?" ಎಂದು ಪಕ್ಕದ ಮನೆಯ ಧಮ್ಮಪಾಲ ಹೇಳಿದ. ಅವನು ರಿಟೈರಾದ ಕಂಡಕ್ಟರು. ವೀರಪ್ಪನವರು ಕೂಗಿದ ಬಸ್ಸಿಗೆಲ್ಲ ಟಿಕೇಟು ಹರಿದವನು.

ಬೀಗರ ಗಾಡಿ ಬೀದಿ ತಿರುಗಿದ ಮೇಲೆ ಮಗ ಆನಂದಕುಮಾರ ಡೈರಿ ಹಿಡಿದು ಬಂದ. ಅವನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಬರೆದುಕೊಳ್ಳದೆ ಅವನಿಗೆ ಊಟವೂ ರುಚಿಸದು.

"ಅಪ್ಪಾ, ಲಗ್ನ ಎಲ್ಲಿ ಅಂತ ಆತು? ಇಲ್ಲೋ, ತಾಂಡೂರಾಗೋ?"

ಇದು ಕೇಳಿಸಿತು. ಫ್ಯಾನು ನಿಂತಿತ್ತು, ಮಗ ಎದುರಿಗೇ ಇದ್ದ. ಕೇಳಿಸಿದ್ದೇ ಕಷ್ಟಕ್ಕೆ ಬಂತು. ಮನೆಮಂದಿಯೆಲ್ಲ ಬಾಯಿ ನೋಡುತ್ತ ನಿಂತಿದ್ದಾರೆ. ಕಿವುಡನೆಂದು ಒಪ್ಪಿಕೊಂಡರೆ ಆಯೇರಿ ಕೂಗಲು ಕಿವುಡನನ್ನು ಯಾರು ನಿಲ್ಲಿಸುತ್ತಾರೆ? ವೀರಪ್ಪನವರು ಕೊಂಚ ಯೋಚಿಸಿ, ತಮಗೆ ಬಹಳ ಗೌರವದ್ದೆಂದು ತೋರಿದ ಸುಳ್ಳೊಂದನ್ನು ಹೇಳಿದರು.

"ಅವ್ರು ತೆಲುಗಿನಾಗ ಮಾತಾಡ್ಯಾರ. ನನಗ ತೆಲುಗು ಮರ್ತು ಹೋಗ್ಯಾದ."



"ಏನ್ರೀ ಅದು ಮರೆಯಾಕ? ಛತ್ರಿ ಏನು?" ಎಂದರು ಹೆಂಡತಿ ಉಮಾಬಾಯಿ. "ನಿನ್ನಿ ತನಕ ಹಾಲಿನವನ ಜೋಡಿ ತೆಲುಗಿನಾಗೇ ಜಗಳಾ ಆಡೀರಲ್ಲ!"

"ನಿನ್ನಿ ಇತ್ತು. ಇವತ್ತು ಇಲ್ಲ," ಎಂದು ವೀರಪ್ಪನವರು ಎದ್ದುಹೋದರು.

ಸೊಸೆ ಪ್ರೇಮಲಾ ತಾಂಡೂರಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಬೀಗತಿ, "ನಮ್ಮವ್ರೂ ಎಲ್ಲಾ ಬರೋಬ್ಬರಿ ಆಗೇದ ಅಂತಾರ್ರಿ. ಏನಾಗೇದ ಅಂದ್ರ ಹೇಳವಲ್ರು!" ಎಂದರು. ಕಡೆಗೆ ಹೆಂಗಸರಿಬ್ಬರೇ ಹತ್ತು ನಿಮಿಷದಲ್ಲಿ ಎಲ್ಲ ಇತ್ಯರ್ಥ ಮಾಡಿದರು. ಲಗ್ನ ಜಹೀರಾಬಾದಿನಲ್ಲಿ, ಬಸವ ಜಯಂತಿಯ ಮರುವಾರ. ಲಗ್ನದ ಚಿಂತೆ ತೀರಿತು. ತೆಲುಗಿನ ಚಿಂತೆ ಉಳಿಯಿತು.

ಆನಂದಕುಮಾರ ಫೋನಿನಲ್ಲಿ ಎರಡು ದಿನ ಓದಿದ. ಮೂರನೆಯ ದಿನ ಅಡುಗೆಮನೆಯಲ್ಲಿ ತಾಯಿಯನ್ನೂ ಹೆಂಡತಿಯನ್ನೂ ಕೂಡಿಸಿಕೊಂಡು, ತರಗತಿಯಲ್ಲಿ ಗ್ರಹಣ ವಿವರಿಸುವ ದನಿಯಲ್ಲಿ ಹೇಳಿದ: "ಇದು ನೆನಪಿನ ರೋಗ ಇರಬೇಕವ್ವಾ. ಕಡೀಗಿ ಕಲ್ತ ಭಾಷಾ ಮೊದಲು ಹೋಗ್ತದಂತ. ಅಪ್ಪ ತೆಲುಗು ಕಲ್ತದ್ದು ನೌಕರಿಗಿ ಬಂದ ಮ್ಯಾಲ. ಅದು ಹೋತು. ಇನ್ನ ಸಾಲಿಯಾಗ ಕಲ್ತ ಉರ್ದು ಹೋಗ್ತದ. ಆಮ್ಯಾಲ..."

"ಆಮ್ಯಾಲ?"

"ಕನ್ನಡ."

"ಅಯ್ಯ ಶಿವನೇ! ಆಮ್ಯಾಲ ನನ್ನ ಜೋಡಿ ಹೆಂಗ್ ಮಾತಾಡ್ತಾರ?" ಎಂದು ಉಮಾಬಾಯಿ ಸೆರಗಿನಿಂದ ಕಣ್ಣೊತ್ತಿದರು. ಸ್ವಲ್ಪ ಹೊತ್ತಿಗೆ ಸಮಾಧಾನವೂ ಮಾಡಿಕೊಂಡರು. "ಈಗರ ಎಷ್ಟ್ ಮಾತಾಡ್ತಾರ ಬಿಡು."

ಉರ್ದು ಇದೆಯೋ ಹೋಯಿತೋ ನೋಡಿ ಬರುವ ಜವಾಬುದಾರಿ ಧಮ್ಮಪಾಲನ ಮೇಲೆ ಬಿತ್ತು. ಪರೀಕ್ಷೆಗೆ ಅವನು ಆರಿಸಿದ ಜಾಗ ಮುಂಬಯಿ ರಸ್ತೆಯ ಪಕ್ಕದ ಚಹಾದಂಗಡಿ. ಎಡಕ್ಕೆ ಲಾರಿಗಳು ಹೋಗುತ್ತಿದ್ದವು, ಬಲಕ್ಕೆ ಸ್ಟವ್ವು ಭರ್ರೆನ್ನುತ್ತಿತ್ತು. ಧಮ್ಮಪಾಲ ಬಸ್ಸಿಗೆ ಕಾಯುವವನಂತೆ ರಸ್ತೆಯನ್ನೇ ನೋಡುತ್ತ ಉರ್ದುವಿನಲ್ಲಿ ನಾಲ್ಕು ಪ್ರಶ್ನೆ ಕೇಳಿದ. ವೀರಪ್ಪನವರು ನಾಲ್ಕಕ್ಕೂ, "ಆಗ್ಲಿ, ಆಗ್ಲಿ" ಎಂದರು. ನಾಲ್ಕನೆಯ ಪ್ರಶ್ನೆ, "ನಿಮ್ಮ ಹೆಸರೇನು?" ಎಂದಿತ್ತು.

ಧಮ್ಮಪಾಲ ಚಹಾ ಅರ್ಧಕ್ಕೇ ಬಿಟ್ಟು ಓಡಿದ. "ಆನಂದಾ! ಉರ್ದುನೂ ಹೋತೋ ಯಪ್ಪಾ!"

ಮರುದಿನ ಮನೆಯ ತುಂಬ ಚೀಟಿಗಳು ಎದ್ದವು. ಬಾಗಿಲಿಗೆ 'ಬಾಗಿಲು', ಕಿಟಕಿಗೆ 'ಕಿಟಕಿ', ಫ್ರಿಜ್ಜಿಗೆ 'ಫ್ರಿಜ್ — ಇದು ಬೀರು ಅಲ್ಲ'. ಆನಂದಕುಮಾರ ಇನ್ನೊಂದು ಚೀಟಿ ಹಿಡಿದು ತಾಯಿಯ ಮುಂದೆ ಅನುಮಾನಿಸುತ್ತ ನಿಂತ.

"ಅವ್ವಾ, ನಿನಗೂ ಒಂದು..."

"ಮಗನ, ಹಣಿಗಿ ಹಚ್ಚಿ ನೋಡು!" ಎಂದರು ಉಮಾಬಾಯಿ. "ನಲವತ್ತಾರು ವರ್ಷ ಆತು. ನನ್ನ ಮರೀಬೇಕಂದ್ರ ಅವ್ರಿಗಿ ಇನ್ನೊಂದ್ ಜನ್ಮ ಬೇಕು."

ವೀರಪ್ಪನವರು ಚೀಟಿಗಳನ್ನೆಲ್ಲ ಓದಿ ಮಗನ ಅಕ್ಷರವನ್ನು ಮೆಚ್ಚಿಕೊಂಡರು. ಅವರಿಗೆ ಒಳಗೊಳಗೇ ಖುಷಿ. ಮರೆವೆಂದರೆ ದೊಡ್ಡ ಮನುಷ್ಯರ ಲಕ್ಷಣ. ಕೇಳಿದವರು ಅಯ್ಯೋ ಅನ್ನುತ್ತಾರೆ, ಹಾಲುಹಣ್ಣು ತರುತ್ತಾರೆ. ಕಿವುಡೆಂದರೆ ಮಂದಿ ನಗುತ್ತಾರೆ. ಮೇಲಾಗಿ ಈಗ ಯಾರು ಏನು ಕೇಳಿದರೂ, "ಯಾದಿಲ್ಲಪ್ಪ, ನೆನಪಿಲ್ಲ" ಎಂದರೆ ಮುಗಿಯಿತು. ಇಂಥ ಅನುಕೂಲದ ರೋಗ ಮೊದಲೇ ಯಾಕೆ ಬರಲಿಲ್ಲವೋ ಎಂದುಕೊಂಡರು.

ಈ ಸುಖ ನಾರಾಯಣಖೇಡದ ಬಸ್ಸಿಳಿದು ಅಕ್ಕ ಮಹಾನಂದಾ ಬರುವವರೆಗೆ ಮಾತ್ರ. ಮಹಾನಂದಾ ಒಂದು ಚೀಲ ಒಂದೆಲಗದ ಸೊಪ್ಪು, ಒಂದು ಡಬ್ಬಿ ಬಾದಾಮಿ ಹೊತ್ತು ಬಂದಳು. ಹೊಲದ ಈ ಬದುವಿನಿಂದ ಆ ಬದುವಿನ ಆಳನ್ನು ಕರೆದು ಬೆಳೆದ ದನಿ ಅವಳದು. ಆಡುವುದಾದರೆ ಎದುರಿಗೆ ಕೂತು, ಎರಡೂ ಭುಜ ಹಿಡಿದು, ಕುಂಬಳಕಾಯಿ ಉರುಳಿಸಿದ ಹಾಗೆ ಒಂದೊಂದೇ ಮಾತು ಆಡುತ್ತಾಳೆ.

"ತಮ್ಮಾ! ನಾ ಯಾರು ಗುರ್ತಾತೇನೋ?"

"ಮಹಾನಂದಕ್ಕ ಇದ್ದಿ. ಗುರ್ತಾಗ್ದೇನು ಮತ್ತ?"

"ನಮ್ಮ ಕರೀ ಎಮ್ಮಿ ಬಾವ್ಯಾಗ ಯಾವಾಗ ಬಿದ್ದಿತ್ತು?"

"ನಾಗರ ಪಂಚಮಿ ಮರುದಿನ. ನೀನೇ ಬಿಟ್ಟಿದ್ದಿ; ಬೈಸಿಕೊಂಡಾಂವ ನಾ."

ಮಹಾನಂದಾ ಎಲ್ಲರ ಕಡೆ ತಿರುಗಿದಳು. "ಹಳೇದೆಲ್ಲಾ ಬರೋಬ್ಬರಿ ಅದ. ಹೊಸಾದು ಸೋರ್ತದ." ಆಮೇಲೆ ತಮ್ಮನ ಭುಜ ಮತ್ತೆ ಹಿಡಿದು ಸಂತೈಸಿದಳು. "ನೀ ಏನೂ ಕಾಳಜಿ ಮಾಡಬ್ಯಾಡ. ಲಗ್ನದಾಗ ಆಯೇರಿ ಕೂಗಾಕ ಆನಂದ ಸಂಗಾರೆಡ್ಡಿಯಿಂದ ಒಬ್ಬ ಆ್ಯಂಕರ್‌ನ ಕರಸ್ಯಾನ. ಕೋಟು ಹಾಕ್ಕೊಂಡು ಬರ್ತಾನಂತ. ನೀ ಆರಾಮ್ ಖುರ್ಚಿ ಮ್ಯಾಲ ಕೂಡು."

ಉಳಿದವರು ಮೂರು ದಿನದಿಂದ ಮುಚ್ಚಿಟ್ಟಿದ್ದ ಸಂಗತಿಯನ್ನು ಮಹಾನಂದಾ ಇಡೀ ಬೀದಿಗೆ ತಿಳಿಯುವಂತೆ ಹೇಳಿದ್ದಳು. ವೀರಪ್ಪನವರ ಕೈಯಲ್ಲಿದ್ದ ಬಾದಾಮಿ ಕೆಳಗೆ ಬಿತ್ತು.

ಅಂದಿನಿಂದ ಅವರು ಮಾತು ಬಿಟ್ಟರು. ಮನೆಯವರು, ಕನ್ನಡವೂ ಹೋಯಿತೆಂದು ತಿಳಿದರು.

ಭಾನುವಾರ ಪ್ರಣೀತಾ ಮುತ್ಯಾನನ್ನು, ಅಂದರೆ ಅಜ್ಜನನ್ನು, ದವಾಖಾನೆಗೆ ಕರೆದುಕೊಂಡು ಹೊರಟಳು. ಜೊತೆಗೆ ಧಮ್ಮಪಾಲನೂ ಬಂದ. ಹೋದ ಭಾಷೆಗಳಿಗೆ ಸಾಕ್ಷಿ ಅವನೊಬ್ಬನೇ ಇದ್ದ. ಡಾಕ್ಟರ್ ಅರ್ಪಿತಾ ಎಂಬ ಹೆಣ್ಣುಮಗಳು ನೆಗಡಿಯಾಗಿ ಮಾಸ್ಕ್ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂಲರು ಹೆಲಿಕಾಪ್ಟರಿನಂತೆ ಸದ್ದು ಮಾಡುತ್ತಿತ್ತು. ಅವಳು ತೆಲುಗಿನಲ್ಲಿ ಐದು ಪದ ಹೇಳಿ, ನೆನಪಿಟ್ಟುಕೊಂಡು ತಿರುಗಿ ಹೇಳಿರೆಂದಳು.

"ಆಗ್ಲಿ, ಆಗ್ಲಿ," ಎಂದರು ವೀರಪ್ಪನವರು.

ಡಾಕ್ಟರು ಸೊನ್ನೆ ಬರೆದಳು. ಧಮ್ಮಪಾಲ ನಿಟ್ಟುಸಿರು ಬಿಟ್ಟ. ಆದರೆ ಪ್ರಣೀತಾ ಆ ಮಾಸ್ಕನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದ ಬೀಗರ ಮಾತು ಮುತ್ಯಾನಿಗೆ ತಿಳಿದಿರಲಿಲ್ಲ. ರಸ್ತೆ ನೋಡುತ್ತ ಕೇಳಿದ ಧಮ್ಮಪಾಲನದೂ ತಿಳಿದಿರಲಿಲ್ಲ. ಎದುರಿಗೆ ಕೂತು ಒದರುವ ಮಹಾನಂದಾಳದು ಮಾತ್ರ ಎಮ್ಮೆಯ ಸಮೇತ ತಿಳಿದಿತ್ತು.

"ಮೇಡಂ, ಮಾಸ್ಕ್ ಜರಾ ಇಳಸ್ರಿ. ಆ ಕೂಲರ್ ಬಂದ್ ಮಾಡ್ತೀನಿ. ಈಗ ಇನ್ನೊಂದ್ಸಲ ಕೇಳ್ರಿ."

ಕೂಲರು ನಿಂತಿತು. ಡಾಕ್ಟರು ಮುಖ ಕೊಟ್ಟು, ನಿಧಾನ ಮಾಡಿ, ಬೇರೆ ಐದು ಪದ ಹೇಳಿದಳು. ವೀರಪ್ಪನವರು ಐದನ್ನೂ ತಿರುಗಿ ಹೇಳಿದರು. ಆಮೇಲೆ ಹಿಂದುಮುಂದಾಗಿ ಹೇಳಿದರು. ಆಮೇಲೆ ರೂಢಿಯಂತೆ ಉರ್ದುವಿನಲ್ಲೂ ಹೇಳಿದರು.

"ತೆಲುಗು ವಾಪಸ್ ಬಂತು! ಉರ್ದುನೂ ಹತ್ತಿಸಿಕೊಂಡೇ ಬಂತು!" ಎಂದು ಧಮ್ಮಪಾಲ ಕುರ್ಚಿಯಿಂದೆದ್ದ.

ಪಕ್ಕದ ಕೋಣೆಯಲ್ಲಿ ಕಿವಿಯ ಪರೀಕ್ಷೆ ನಡೆಯಿತು. ವೀರಪ್ಪನವರು ನಡುನಡುವೆ, ಯಂತ್ರವೇ ಕೆಟ್ಟಿದೆಯೆಂದು ತಕರಾರು ತೆಗೆದರು. ಯಂತ್ರ ಒಪ್ಪಲಿಲ್ಲ.

ಡಾಕ್ಟರು ತಿಳಿಸಿ ಹೇಳಿದಳು: "ಅಜ್ಜಾರ, ಸದ್ದು ನಿಮಗೆ ಕೇಳ್ತದೆ, ಮಾತು ಒಡೆದು ಬರ್ತದೆ. ಅರ್ಧ ಬಂದ ಮಾತಿಗೆ ಉಳಿದರ್ಧ ಹೊಂದಿಸೋದರಲ್ಲೇ ತಲೆಯ ಶಕ್ತಿಯೆಲ್ಲ ಖರ್ಚಾಗ್ತದೆ. ನೆನಪಲ್ಲಿ ಇಟ್ಟುಕೊಳ್ಳೋಕೆ ಏನೂ ಉಳಿಯೋದಿಲ್ಲ. ಹೀಗೇ ಬಿಟ್ಟರೆ ನಿಜವಾದ ಮರೆವಿಗೂ ದಾರಿ ಆಗಬಹುದು. ಕಿವಿಗೆ ಕೇಳಿಸೋ ಮಿಶನ್ ಹಾಕ್ಕೊಳ್ಳಿ."

ವೀರಪ್ಪನವರು ಪಿಳಿಪಿಳಿ ನೋಡಿದರು. ಧಮ್ಮಪಾಲ ಅದನ್ನು ಬಸ್ಸಿನ ಭಾಷೆಗೆ ತಿರುಗಿಸಿದ.

"ವೀರಪ್ಪಣ್ಣಾ, ಸಂತಿ ದಿನ ಫುಟ್‌ಬೋರ್ಡ್ ಮ್ಯಾಲ ನಿಂತು ಮಂದೀನ್ನ ಕೈ ಹಿಡದು ಎಳೆಯೋದ್ರಾಗೇ ಕಂಡಕ್ಟರ್ ಹೈರಾಣಾದ ಅಂದ್ರ, ಟಿಕೇಟ್ ಹರಿಯೋರ್ ಯಾರು? ಟಿಕೇಟ್ ಹರೀಲಿಲ್ಲಂದ್ರ ಆ ಮನಷ್ಯಾ ಬಸ್ಸಿನಾಗ ಬಂದಿದ್ದ ಅನ್ನಾಕ ಸಬೂತ್ ಎಲ್ಲದ? ನಿನ್ನ ತಲಿ ಬರೋಬ್ಬರಿ ಅದ. ಬಾಗ್ಲಾಗ ಗದ್ದಲಾಗ್ಯಾದ, ಅಷ್ಟೇ."

ಇದು ಅರ್ಥವಾಯಿತು. ವೀರಪ್ಪನವರು ಮೊಮ್ಮಗಳ ಕೈ ಹಿಡಿದರು. "ಮಿಶನ್ ಹಾಕ್ಕೋತೀನವ್ವ. ಆದ್ರ ಯಾರಿಗೂ ಹೇಳಬ್ಯಾಡ. ಕೂಗಾವ ಕಿವುಡ ಅಂದ್ರ ಬೀಗರ ಮುಂದ ಮಾನ ಹೋಗ್ತದ."

"ಮುತ್ಯಾ, ಕಣ್ಣಿಗಿ ಚಶ್ಮಾ ಹಾಕ್ಕೊಂಡೀ, ಆವಾಗ ಮಾನ ಹೋತೇನು?"

"ಚಶ್ಮಾ ಹಾಕ್ಕೊಂಡ್ರ ಶಾಣ್ಯಾ ಕಾಣ್ತಾರ. ಇದು ಹಂಗಲ್ಲ."

ಪ್ರಣೀತಾ ತನ್ನ ಸಂಬಳದಲ್ಲಿ ಕಿವಿಗೆ ಒಂದು ಜೊತೆ ಮಿಶನ್ ಕೊಡಿಸಿದಳು. ಅವನ್ನು ಮುಚ್ಚಲೆಂದು ವೀರಪ್ಪನವರು ಮನೆಯಲ್ಲೂ ತಲೆಗೆ ರುಮಾಲು ಸುತ್ತತೊಡಗಿದರು. ಮೊದಲ ವಾರ ಜಗತ್ತು ಜಗಳಕ್ಕೆ ಬಂತು. ಪೇಪರ್ ಮಡಚಿದರೆ ತಗಡು ಹರಿದಂತಾಗುತ್ತಿತ್ತು. ಹಪ್ಪಳ ತಿಂದರೆ ತಲೆಯೊಳಗೆ ಗೋಡೆ ಬೀಳುತ್ತಿತ್ತು. ಡಾಕ್ಟರು, ತಲೆಗೆ ರೂಢಿ ತಪ್ಪಿದೆ, ದಿನವೂ ಹಾಕಿಕೊಳ್ಳಬೇಕು ಎಂದಿದ್ದಳು. ಧಮ್ಮಪಾಲ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೂಡಿಸಿಕೊಂಡು ಪೆದ್ದೆಮುಲ್, ಕೊಡಂಗಲ್, ಕಲ್ಹೇರ್ ಎಂದು ಹೆಸರು ಹೇಳಿ ಹೇಳಿ ಕಿವಿಗೆ ತಾಲೀಮು ಮಾಡಿಸಿದ.

ಒಂದು ಸಂಜೆ ಉಮಾಬಾಯಿ ಚಹಾ ತಂದಿಟ್ಟಾಗ ವೀರಪ್ಪನವರು ತಲೆಯೆತ್ತಿದರು.

"ಕಾಲಾಗ ಗೆಜ್ಜಿ ಇದ್ದ ಚೈನು ಯಾವಾಗ ತಂದಿ?"

"ನಿಮಗ ಹೆಚ್ಚೇ ಆಗ್ಯಾದ ನೋಡ್ರಿ. ಲಗ್ನದಾಗ ನಮ್ಮಪ್ಪ ಹಾಕಿದ್ದು!"

ವೀರಪ್ಪನವರು ಚಹಾ ಮುಗಿಸಿದರು. ಆಮೇಲೆ ಸುಮ್ಮನೆ ಎರಡು ಸಲ ನೀರು ಕೇಳಿದರು. ಎರಡು ಸಲವೂ ಉಮಾಬಾಯಿ ನಡೆದು ಬಂದರು.

ತೆಲುಗು, ಉರ್ದು, ಕನ್ನಡ ಮೂರೂ ಮರಳಿ ಬಂದದ್ದು ಕಂಡು ಮನೆಯಲ್ಲಿ ಹಬ್ಬವಾಯಿತು. ಕೀರ್ತಿಯೆಲ್ಲ ಒಂದೆಲಗಕ್ಕೆ ಹೋಯಿತು. ಮಹಾನಂದಾ ಬೀದಿಯಲ್ಲಿ ಪರೀಕ್ಷೆಗೆ ಕೂತ ಮಕ್ಕಳನ್ನೆಲ್ಲ ಹಿಡಿದು ಸೊಪ್ಪು ತಿನ್ನಿಸಿದಳು. ಆನಂದಕುಮಾರ ಚೀಟಿಗಳನ್ನು ಕಿತ್ತ. ಅಪ್ಪನೇ ಆಯೇರಿ ಕೂಗಲೆಂದೂ ಒಪ್ಪಿದ. ಆದರೆ ವಿಜ್ಞಾನದ ಮಾಸ್ತರನಾದ್ದರಿಂದ ಕೋಟಿನ ಆ್ಯಂಕರನನ್ನು ಬೇಡವೆನ್ನಲಿಲ್ಲ. "ಅಪ್ಪ ಒಂದ್ ಹೆಸರು ತಪ್ಪಿದ್ರ ಮೈಕ್ ನೀ ತಗೋ," ಎಂದು ಅವನಿಗೆ ಗುಟ್ಟಾಗಿ ಹೇಳಿಟ್ಟ. ಈ ಗುಟ್ಟನ್ನು ವೀರಪ್ಪನವರು ಆಚೆಯ ಕೋಣೆಯಿಂದ ಸ್ವಚ್ಛವಾಗಿ ಕೇಳಿಸಿಕೊಂಡರು.

ಲಗ್ನ ಸಾಂಗವಾಗಿ ಆಯಿತು. ಅಕ್ಕಿಕಾಳು ಬಿದ್ದವು. ವೀರಪ್ಪನವರು ಕೇಸರಿ ರುಮಾಲನ್ನು ಎರಡೂ ಕಿವಿ ಮುಚ್ಚುವಂತೆ ಬಿಗಿದು ಸುತ್ತಿ, ಮೈಕು ಹಿಡಿದು ನಿಂತರು. ಮೊದಲಿಗೆ ಬಗ್ಗಿದವನು ಕಲ್ಹೇರಿನ ದೇವಿದಾಸ. ಪಿಸುಮಾತು ಕೇಳಿಸಬೇಕಾದ ಜಾಗದಲ್ಲಿ ಒಂದು ಸೀಟಿ ಕೇಳಿಸಿತು.

ಕುಂಯ್ಯ್ಯ್...

ಮಿಶನ್ನಿನ ಬಾಯಿ ಮುಚ್ಚಿದರೆ ಅದು ಕೂಗುತ್ತದೆಂದು ಡಾಕ್ಟರು ಹೇಳಿದ್ದಳು. ಅದೊಂದನ್ನು ವೀರಪ್ಪನವರು ಖರೇ ಮರೆತಿದ್ದರು. ರುಮಾಲಿನೊಳಗಿನ ಸೀಟಿಯನ್ನು ಮೈಕು ಎತ್ತಿಕೊಂಡು ಮಂಟಪದ ನಾಲ್ಕು ಮೂಲೆಗೆ ಹಂಚಿತು.

ಮೈಕಿನವನು ಓಡಿ ಬಂದು ವೈರು ಅಲುಗಾಡಿಸಿದ. "ಯಾರದ್ರಿ ಕುಕ್ಕರು? ಒಲಿ ಸಣ್ಣ ಮಾಡ್ರಿ!" ಎಂದು ಮಹಾನಂದಾ ಅಡುಗೆಯವರಿಗೆ ಒದರಿದಳು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಧಮ್ಮಪಾಲ ಸೀಟಿ ಕೇಳಿದ ಕೂಡಲೇ ಎದ್ದುನಿಂತು, "ರೈಟ್, ರೈಟ್!" ಎಂದ.

"ವೀರಪ್ಪಣ್ಣಾ, ನನ್ನ ಹೆಸರು ಕೂಗ್ರಿ," ಎಂದು ದೇವಿದಾಸ ಗೋಗರೆದ. ವೀರಪ್ಪನವರಿಗೆ ಸೀಟಿ ಬಿಟ್ಟು ಮತ್ತೇನೂ ಕೇಳದು, ಗಾಬರಿಗೆ ಗುರುತಿನ ಹೆಸರೂ ನಾಲಿಗೆಗೆ ಬಾರದು. ಆನಂದಕುಮಾರ ಕಣ್ಣಿನಿಂದಲೇ ಸನ್ನೆ ಮಾಡಿದ. ಕೋಟಿನ ಆ್ಯಂಕರು ಮೆಟ್ಟಿಲೇರಿ ಬಂದು, ಬಹಳ ವಿನಯದಿಂದ ಮೈಕಿಗೆ ಕೈ ಚಾಚಿದ.

ವೀರಪ್ಪನವರು ಆ ಕೈ ನೋಡಿದರು. ಮೊಮ್ಮಗಳನ್ನು ನೋಡಿದರು. ಬಾಸಿಂಗದ ಕೆಳಗಿನಿಂದ ಪ್ರಣೀತಾ ತನ್ನ ಕಿವಿ ಮುಟ್ಟಿ ತೋರಿಸಿ ನಕ್ಕಳು.

ಅವರು ಮೈಕನ್ನು ಕಂಕುಳಲ್ಲಿ ಇರುಕಿಕೊಂಡು ಎರಡೂ ಕೈಯಿಂದ ರುಮಾಲು ಬಿಚ್ಚಿ, ಚಾಚಿದ ಆ ಕೈಗೆ ಕೊಟ್ಟರು. ಸೀಟಿ ನಿಂತಿತು. ಎರಡು ಕಿವಿಗಳ ಹಿಂದೆ ಎರಡು ಮಿಶನ್ನು ಮಂಟಪದ ಬೆಳಕಿಗೆ ಮಿನುಗಿದವು. ಬಸ್‌ಸ್ಟ್ಯಾಂಡು ನಡುಗಿಸಿದ ಆ ದನಿ ಎದ್ದಿತು:

"ಮೊದಲನೇ ಆಯೇರಿ ಕೇಳ್ರಪ್ಪೋ! ಜಹೀರಾಬಾದ್ ವೀರಪ್ಪಗ ಕಿವಿ, ಒಂದು ಜೋಡಿ! ಆಯೇರಿ ಮಾಡಿದವಳು ಮೊಮ್ಮಗಳು ಪ್ರಣೀತಾ!"

ಉಮಾಬಾಯಿ ಹೆಂಗಸರ ಸಾಲಿನಿಂದ ದನಿಯೆಳೆದು, "ಅಂದ್ರ ಇಷ್ಟ್ ವರ್ಷ ನಾ ಬೈದದ್ದೆಲ್ಲಾ ದಂಡ ಆತೇನ್ರೀ?" ಎಂದರು. ಮಂಟಪ ಬಿದ್ದು ಬಿದ್ದು ನಕ್ಕಿತು. ಮಹಾನಂದಾ ಮಾತ್ರ, ಮಿಶನ್ನಿಗೂ ಒಂದೆಲಗವೇ ಶಕ್ತಿ ಕೊಟ್ಟದ್ದೆಂದು ವಾದಿಸುತ್ತಿದ್ದಳು.

ಆಮೇಲೆ ವೀರಪ್ಪನವರು ಕೂಗಿದ ಕೂಗು! ಕಲ್ಹೇರು, ಪೆದ್ದೆಮುಲ್, ಕೊಡಂಗಲ್ಲು. ಹಿಂದೆಂದೂ ಮುಖ ಕಂಡಿರದ ತಾಂಡೂರಿನ ಬಳಗವೆಲ್ಲ ಬಗ್ಗಿ ಬಗ್ಗಿ ತೆಲುಗಿನಲ್ಲಿ ಪಿಸುಗುಟ್ಟಿತು. ಒಂದು ಹೆಸರು ತಪ್ಪಲಿಲ್ಲ. ಆ್ಯಂಕರು ರುಮಾಲು ಹಿಡಿದುಕೊಂಡೇ ಊಟದ ಪಂಕ್ತಿಗೆ ಹೋದ.

ಕಟ್ಟಕಡೆಗೆ ಬೀಗರು ಸೋಮಶೇಖರಪ್ಪನವರು ಮೆಟ್ಟಿಲೇರಿ ಬಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ. ಅವರು ವೀರಪ್ಪನವರ ಕಿವಿಯ ಹಿಂದಿನ ಮಿಶನ್ನನ್ನು ಬಹಳ ಆಸೆಯಿಂದ ನೋಡಿದರು. ಆಚೀಚೆ ಕಣ್ಣಾಡಿಸಿದರು. ಆಮೇಲೆ, ಚಹಾ ಇಲ್ಲದೆಯೇ ದಸ್ತಿಯನ್ನು ಗದ್ದಕ್ಕೆ ಇಳಿಸಿ, ಬಗ್ಗಿ, ವೀರಪ್ಪನವರ ಕಿವಿಯಲ್ಲಿ ತೆಲುಗಿನಲ್ಲಿ ತಮ್ಮ ಮನಸ್ಸಿನದನ್ನೆಲ್ಲ ಪಿಸುಗುಟ್ಟಿದರು.

ನಾಲ್ವತ್ತು ವರ್ಷದ ರೂಢಿಗೆ ತಡೆಯೆಲ್ಲಿ? ಮಂಟಪದಲ್ಲಿ ಬಗ್ಗಿದವರು ಕಿವಿಗೆ ಹಾಕಿದ್ದು ಬಾಯಿಗೆ ಬಂದೇ ತೀರಬೇಕು. ವೀರಪ್ಪನವರು ಎದೆಯುಬ್ಬಿಸಿ ಮೈಕಿನಲ್ಲಿ ಕೂಗಿದರು:

"ತಾಂಡೂರ ಬೀಗರು ಸೋಮಶೇಖರಪ್ಪನವರದು! ಕಲ್ಲಿನ ಮಿಶನ್ನಿನ ಸದ್ದಿಗಿ ಎರಡೂ ಕಿವಿ ಹನ್ನೆರಡು ವರ್ಷದಿಂದ ಬಂದ್! ಮಾತುಕತಿ ದಿನ ಒಂದಕ್ಷರ ಕೇಳ್ಸಿಲ್ಲ! ಮನ್ಯಾಗ 'ನನಗ ಕನ್ನಡ ಮರ್ತು ಹೋಗ್ಯಾದ' ಅಂತ ಹೇಳ್ಯಾರ! ಈ ಮಾತು ಯಾರಿಗೂ ಗೊತ್ತಾಗಬಾರದು!"

ಕೂಗಿ ಮುಗಿದ ಮೇಲೆ ವೀರಪ್ಪನವರಿಗೆ ತಾವು ಕೂಗಿದ್ದು ಕೇಳಿಸಿತು. ಅವರು ನಾಲಿಗೆ ಕಚ್ಚಿಕೊಂಡರು. ತಾಂಡೂರಿನ ಬೀಗತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದುನಿಂತರು. ಸಾವಿರ ಕಣ್ಣು ಒಮ್ಮೆಲೇ ವೇದಿಕೆಯ ಕಡೆ ತಿರುಗಿದವು.

ಸೋಮಶೇಖರಪ್ಪನವರು ದಸ್ತಿಯನ್ನು ಮೇಲೇರಿಸಿಕೊಂಡರು. ಎಲ್ಲರೂ ತಮ್ಮನ್ನೇ ನೋಡುವುದು ಕಂಡು, ವೀರಪ್ಪನವರು ತಮ್ಮ ಹೆಸರನ್ನು ಬಹಳ ಚೆನ್ನಾಗಿ ಕೂಗಿರಬೇಕೆಂದು ತಿಳಿದು, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಗಂಭೀರವಾಗಿ ಗೋಣು ಹಾಕಿದರು.

"ಅವುನು, ಅವುನು."